ಬದುವಿನ ಪ್ಯಾದೆ

ಚದುರಂಗದ ಆಟಕ್ಕೆ ಬುದ್ಧಿಬಳ ಎಂದು ಹೆಸರಿಟ್ಟ ಪುಣ್ಯಾತ್ಮ ಧಾರವಾಡದ ನಮ್ಮ ಕಚೇರಿಗೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ಹೆಸರು ಬದಲಿಸುತ್ತಿದ್ದ. ಇಂಗ್ರೇಜಿ ಸರಕಾರದ ಕಾಲ. ನಾನು ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಮಣೆಯ ಮುಂದೆ ಕೂತವರಿಂದ ವಾರಕ್ಕೊಂದಾದರೂ ಫಜೀತಿ ನಡೆಯುತ್ತಿತ್ತು. ಅದರಲ್ಲಿ ದೊಡ್ಡ ಪಾಲು ನಮ್ಮ ಹಿರಿಯ ಕಾರಕೂನ ರಾಯರದು.

೧. ಬದು

ಎಲ್ಲರೂ ನಡುವಿನ ಪ್ಯಾದೆಯಿಂದ, ಅಂದರೆ ಕಾಲಾಳಿನಿಂದ, ಆಟ ಶುರು ಮಾಡಿದರೆ, ರಾಯರು ಅಂಚಿನ ಕಡೆಯ ಪ್ಯಾದೆ ತಳ್ಳುತ್ತಿದ್ದರು. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದರಂತೆ. ಒಂದು ಮಧ್ಯಾಹ್ನ ಬಿಡುವಿನಲ್ಲಿ ಆಡುವಾಗ ಹೆಬ್ಬಳ್ಳಿಯ ರೈತನೊಬ್ಬ ನಿಂತು ನೋಡಿದ.

"ನಡುವಿನ ಹೊಲಾ ಬಿಟ್ಟು ಬದುವಿಗ್ಯಾಕ ಹೊಂಟೀರಿ, ರಾವಸಾಹೇಬ್ರ?"

"ಬದುವಿನಿಂದ ಸಾವಕಾಶ ಒತ್ತಿದ್ರ ಹೊಲಾ ತಾನ ಕೈಗೆ ಬರ್ತದೋ!" ಎಂದರು ರಾಯರು, ಹೆಮ್ಮೆಯಿಂದ.

"ಖರೇ ಐತ್ರಿ. ನನ್ನ ಬಾಜೂ ಹೊಲದಾಂವನೂ ಹಂಗ ಮಾಡ್ಯಾನ. ಅದರ ತಕರಾರ ಅರ್ಜಿ ಕೊಡಾಕನ ಬಂದೇನ್ರಿ."

೨. ಸಾಗವಾನಿ

ಹುಬ್ಬಳ್ಳಿಯ ಪಂದ್ಯದಲ್ಲಿ ರಾಯರು ಎರಡು ವರ್ಷ ಸತತ ಸೋತಿದ್ದರು. ಮೂರನೆಯ ಸಲ ಹೊರಟಾಗ ಅವರ ಹೆಂಡತಿಯ ಮಾತು ಪಕ್ಕದ ಮನೆಯ ನನಗೂ ಕೇಳಿಸಿತು.

"ಈ ಸಲ ಸೋತು ಬಂದ್ರ ಆ ಮಣಿ ಬಚ್ಚಲ ಒಲಿಗೆ ಹಾಕತೀನಿ."

"ಅಯ್ಯ, ಅದು ನಮ್ಮ ಅಜ್ಜಂದು! ಅಸಲ ಸಾಗವಾನಿ ಅದ!"

"ಹಂಗಾರ ನೀರ ಛಲೋ ಕಾಯ್ತಾವ."

ರಾಯರ ಮುಖ ಸಣ್ಣದಾಯಿತು. ಪಾಪ, ಆ ಮಣೆಯೆಂದರೆ ಅವರಿಗೆ ಪ್ರಾಣ. ಧೈರ್ಯಕ್ಕೆಂದು ನಾನೂ ಜೊತೆಗೆ ಹೋದೆ.

೩. ಮಾತ್

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಆಟ. ಎದುರಿಗೆ ಎರಡು ಸಲವೂ ಇವರನ್ನು ಸೋಲಿಸಿದ್ದ ಮಾಸ್ತರರು; ಕಿವಿ ಮಂದ. ರಾಯರು ಅಂಚಿನ ಕಡೆಯ ಪ್ಯಾದೆ ತಳ್ಳಿದಾಗ ಮಾಸ್ತರರು ನಕ್ಕರು. ಮೂರು ತಾಸಿನ ಮೇಲೆ ಅದೇ ಪ್ಯಾದೆ ತುದಿ ಮುಟ್ಟಿ ವಜೀರನಾಗಿ, ಮಾಸ್ತರರ ರಾಜನನ್ನು ಮೂಲೆಗೊತ್ತಿತು. ರಾಜ ಸಿಕ್ಕಿಬಿದ್ದರೆ "ಶಹಾ ಮಾತ್" ಎಂದು ಹೇಳುವುದು ಪದ್ಧತಿ.

"ಶಹಾ ಮಾತ್!" ಎಂದರು ರಾಯರು, ಸಂತೋಷದಿಂದ.

ಮಾಸ್ತರರು ತಲೆ ಎತ್ತದೆ ಹೇಳಿದರು: "ಚಹಾ ಮಾತ್ರ ಯಾಕ್ರಿ ರಾಯರ? ಜೋಡಿಗೆ ಮಿರ್ಚಿ ಭಜಿನೂ ತರಸ್ರಿ."

೪. ಬಿಸಿನೀರು

ಮರುದಿನ ಮುಂಜಾನೆ ಚಳಿ ಕೊರೆಯುತ್ತಿತ್ತು. ಬಂಡಿಯಿಂದ ಇಳಿದವರೇ ರಾಯರು ಬೀದಿಯಿಂದಲೇ ಕೂಗಿದರು: "ಗೆದ್ದೆ! ಮಣಿ ಉಳೀತು! ಲಗೂನ ಬಿಸಿನೀರ ತೋಡು!"

ಹೆಂಡತಿ ಬಾಗಿಲಿಗೆ ಬಂದು ಗಲ್ಲದ ಮೇಲೆ ಕೈಯಿಟ್ಟರು.

"ಅಯ್ಯ ನನ್ನ ಶಿವನ, ಗೆದ್ರ್ಯಾ? ನಿಮ್ಮನ್ನ ನಂಬಿ ನಾ ಕಟ್ಟಗೀನ ತರಿಸಿಲ್ಲಲ್ರೀ!"