ನಾಗವೇಣಿಯ ಕೌದಿಯೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಪಡುವುದಿದ್ದರೆ ಸ್ವಲ್ಪ ದೂರದವರ ಮೇಲೆ ಪಡಬೇಕು. ಇದು ನನ್ನ ಅನುಭವದ ಮಾತು. ಕುಮಟಾದಲ್ಲಿ ನನಗಿಂತ ಚೆನ್ನಾಗಿ ಕೋಟು ಹೊಲಿಯುವ ಒಬ್ಬ ದರ್ಜಿ ಇದ್ದಾನೆ. ಅವನ ಮೇಲೆ ನನಗೆ ಇಪ್ಪತ್ತು ವರ್ಷಗಳಿಂದ ಹೊಟ್ಟೆಕಿಚ್ಚು. ಆದರೆ ಅದು ಬಹಳ ಸುಖದ ಹೊಟ್ಟೆಕಿಚ್ಚು. ಅವನಿರುವುದು ಕುಮಟಾದಲ್ಲಿ, ನಾನಿರುವುದು ಹೊನ್ನಾವರದಲ್ಲಿ. ಯಾವುದಾದರೂ ಮದುವೆಯಲ್ಲಿ ಅವನು ಹೊಲಿದ ಕೋಟು ಕಂಡರೆ, "ಬಗಲು ಸ್ವಲ್ಪ ಹಿಡಿದ ಹಾಗಿದೆ ಅಲ್ವಾ?" ಎಂದು ಪಕ್ಕದವರ ಕಿವಿಯಲ್ಲಿ ಹೇಳಿ, ಹಗುರಾಗಿ ಊಟಕ್ಕೆ ಕೂರಬಹುದು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನಿಗೆ ಈ ಸೌಲಭ್ಯ ಇಲ್ಲ. ಬೆಳಗಾದರೆ ಅವಳೇ ಚಾ ಕೊಡಬೇಕು, ಅದನ್ನು ಕುಡಿಯುತ್ತಲೇ ನಾನು ಉರಿಯಬೇಕು.

ಮೊದಲು ನನ್ನ ಘನತೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ. ಮೂವತ್ತು ವರ್ಷಗಳಿಂದ ನಾನು ಹೊನ್ನಾವರದಲ್ಲಿ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಲ್ಲೇ ಅಳತೆ ಹೇಳಬಲ್ಲೆ. ದಪ್ಪಗಾದವರಿಗೆ ದಪ್ಪಗಾಗಿದ್ದೀರಿ ಎನ್ನದೆ, ಟೇಪನ್ನು ಒಂದು ಬೆರಳು ಸಡಿಲ ಹಿಡಿದು ಮಾನ ಕಾಪಾಡಬಲ್ಲೆ. ಒಂದು ಇಂಚಿಗೆ ಎಷ್ಟು ಹೊಲಿಗೆ ಬೀಳಬೇಕೋ ಅಷ್ಟೇ ಬೀಳುತ್ತದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನನ್ನ ಹೆಂಡತಿ ನಾಗವೇಣಿಗೆ ಟೇಪು ಹಿಡಿಯುವುದೇ ಗೊತ್ತಿಲ್ಲ. ಅವಳ ಅಳತೆಯೆಲ್ಲ ಗೇಣು, ಮೊಳ. ಅವಳು ಕೌದಿ ಹೊಲಿಯುತ್ತಾಳೆ. ಗೋದಡಿ ಎನ್ನುವವರೂ ನಮ್ಮಲ್ಲಿದ್ದಾರೆ. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ನನ್ನ ಕತ್ತರಿಯಿಂದ ಬಿದ್ದ ಚಿಂದಿಗಳನ್ನು ಅದರ ಮೇಲೆ ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಎಲ್ಲ ಕೈಹೊಲಿಗೆ. ಅದನ್ನು ನಮ್ಮ ಕಸುಬಿನಲ್ಲಿ ಕಚ್ಚಾ ಹೊಲಿಗೆ ಎನ್ನುತ್ತೇವೆ. ಮಿಷನ್ನಿಗೆ ಕೊಡುವ ಮೊದಲು ಬಟ್ಟೆ ಅಲುಗದಿರಲೆಂದು ಹಾಕಿ, ಆಮೇಲೆ ಎಳೆದು ಬಿಸಾಡುವಂಥದ್ದು. ನಾನು ಎಳೆದು ಬಿಸಾಡುವುದನ್ನೇ ಹಾಕಿ ಇವಳು ಹೆಸರು ಮಾಡಿದ್ದಾಳೆ ಎಂದರೆ ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಸಾಲಾದರೂ ನೆಟ್ಟಗಿದೆಯೇ? ಅದೂ ಇಲ್ಲ. ಒಮ್ಮೆ ಹೇಳಿ ನೋಡಿದೆ. "ನೆಟ್ಟಗೆ ಹೊಲ್ದ್ರೆ ಮೈಗೆ ಕೂತ್ಕಳ್ತದೆಯಾ? ಮೈ ಎಂತ ನೆಟ್ಟಗಿರ್ತದೆಯಾ?" ಎಂದಳು. ನಾನು ಮಿಷನ್ನಿನ ಕಡೆ ತಿರುಗಿ ಬಾಬಿನ್‌ಗೆ ನೂಲು ಸುತ್ತಿದೆ.

ಕಳೆದ ವರ್ಷ ಕುಮಟಾದಲ್ಲಿ ಒಂದು ಮಹಿಳಾ ಸಂಘದವರು ಪ್ರದರ್ಶನ ಇಟ್ಟಿದ್ದರು. ನಾಗವೇಣಿಯ ಮೂರು ಕೌದಿ ಹೋದವು, ಹೊತ್ತುಕೊಂಡು ನಾನೂ ಹೋದೆ. ಯಾರೋ ಫೋಟೋ ತೆಗೆಯಲು ಬಂದರು. "ಸ್ವಲ್ಪ ಎತ್ತಿ ಹಿಡೀತ್ರಾ?" ಎಂದು ನನ್ನ ಕೈಗೆ ಕೌದಿಯ ಎರಡು ಮೂಲೆ ಕೊಟ್ಟರು. ನಾನು ಮುಖದ ತುಂಬ ನಗು ತಂದುಕೊಂಡು ಎತ್ತಿ ಹಿಡಿದೆ. ಮಧ್ಯಾಹ್ನದೊಳಗೆ ಫೋಟೋ ಎಲ್ಲರ ವಾಟ್ಸಾಪಿನಲ್ಲಿ ಓಡಾಡಿತು. ಪಕ್ಕದಲ್ಲಿ ನಾಗವೇಣಿ, ನಡುವೆ ಕೌದಿ, ಕೌದಿಯ ಮೇಲೆ ನನ್ನ ಎಂಟು ಬೆರಳು, ಕೆಳಗೆ ನನ್ನ ಎರಡು ಚಪ್ಪಲಿ. ನಗು ಕೌದಿಯ ಹಿಂದೆಯೇ ಉಳಿಯಿತು. ಭಟ್ಕಳದ ನನ್ನ ತಂಗಿ ಫೋನು ಮಾಡಿ, "ಅಣ್ಣಾ, ಚಪ್ಪಲಿ ನೋಡೇ ನೀನು ಅಂತ ಗೊತ್ತಾತು" ಎಂದಳು. ಅಲ್ಲಿಂದ ಶುರು. ಅಂಗಡಿಗೆ ಬಂದವರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ನಾಗವೇಣಕ್ಕ ಇದ್ರಾ?" ಎನ್ನುತ್ತಾರೆ. "ನಾನಿದ್ದೇನಲ್ಲ" ಎಂದರೆ, "ನಿಮ್ಮತ್ರ ಅಲ್ಲ, ಅವ್ರತ್ರ ಕೆಲ್ಸ ಇತ್ತು" ಎನ್ನುತ್ತಾರೆ. ನನ್ನ ಅಂಗಡಿಯಲ್ಲಿ ನಾನೇ ಬಾಗಿಲು ಕಾಯುವವನಾದೆ.

ಹೀಗಿರುವಾಗ ಶಿರಾಲಿಯ ಶಾರದಕ್ಕ ಒಂದು ಗಂಟು ಹಿಡಿದುಕೊಂಡು ಬಂದಳು. ನಾಗವೇಣಿ ತನ್ನ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಹಿರೇಗುತ್ತಿಗೆ ಹೋಗಿದ್ದಳು, ಬರುವುದು ಇನ್ನೂ ಒಂದು ವಾರ. ಶಾರದಕ್ಕ ಗಂಟು ಬಿಚ್ಚಿದಳು. ಒಳಗೆ ಅವಳ ತೀರಿಹೋದ ಅಮ್ಮನ ಐದು ನೂಲಿನ ಸೀರೆಗಳು. ಆ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನಾಲ್ಕು ಮಕ್ಕಳನ್ನು ಸಾಕಿದವಳು. ಶಾರದಕ್ಕನ ಮಗಳಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಳಿ ಬದುಕಿದ ಹಿರಿಯರ ಹಳೆಯ ಸೀರೆಯೇ ಆಗಬೇಕು. "ಅಮ್ಮ ಇದ್ದಿದ್ರೆ ಕೂಸನ್ನ ಕೆಳಗೆ ಇಡ್ತಿರ್ಲಿಲ್ಲ ಗಣಪಣ್ಣ. ಅವ್ಳ ಸೀರೆಲಾದ್ರೂ ಮಲಗ್ಲಿ. ಅವ್ಳದ್ದು ಅಂತ ಉಳ್ದದ್ದು ಇಷ್ಟೇ" ಎಂದಳು. ಆ ಮಾತಿಗೆ ನನ್ನ ಮನಸ್ಸೂ ಕರಗಿತು, ಸುಳ್ಳು ಹೇಳುವುದಿಲ್ಲ. ಆದರೆ ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ನಾಗವೇಣಕ್ಕನೇ ಹೊಲೀಬೇಕು ಮತ್ತೆ" ಎಂದಳು. ಕರಗಿದ್ದ ಮನಸ್ಸು ಅಲ್ಲೇ ಗಟ್ಟಿಯಾಯಿತು.

ಅವಳೇ ಯಾಕೆ ಹೊಲಿಯಬೇಕು? ಮೂವತ್ತು ವರ್ಷದ ಟೇಲರ್ ಒಂದು ಕೌದಿ ಹೊಲಿದರೆ ಹೇಗಿರುತ್ತದೆ ಎಂದು ಭಟ್ಕಳದಿಂದ ಕುಮಟಾದವರೆಗೆ ಜನ ಒಮ್ಮೆ ನೋಡಲಿ ಎನ್ನಿಸಿತು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುವ ಅಂಗುಸ್ತಾನ ಕೂಡ ಬೇಡ, ಮಿಷನ್ ಇದೆ. ಸೀರೆಗಳನ್ನು ಮೇಜಿನ ಮೇಲೆ ಹರಡಿದೆ. ಕಸುಬುದಾರ ಬಟ್ಟೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ. ನಾನೂ ಹಿಡಿದು ನೋಡಿದೆ. ಸೊಂಟದ ಕಡೆ, ಭುಜದ ಕಡೆ ಬಟ್ಟೆ ಸವೆದು ಆಚೆಯ ರಸ್ತೆ ಕಾಣುತ್ತಿತ್ತು. ಇಂಥದ್ದಕ್ಕೆ ಸೂಜಿ ಹಾಕಿದರೆ ನಿಲ್ಲುತ್ತದೆಯೇ? ಹಳೆ ಬಟ್ಟೆಯಲ್ಲಿ ಜೀವ ಇರುವ ಭಾಗವನ್ನು ಇಟ್ಟುಕೊಂಡು ಸತ್ತ ಭಾಗವನ್ನು ತೆಗೆಯುವುದು ನನ್ನ ಗುರುಗಳು ಕಲಿಸಿದ ಮೊದಲ ಪಾಠ. ಹಾಗಾಗಿ ಸವೆದದ್ದನ್ನೆಲ್ಲ ಕತ್ತರಿಸಿ ಮಿಷನ್ ಕೆಳಗಿನ ಬುಟ್ಟಿಗೆ ಹಾಕಿದೆ. ಗಟ್ಟಿಯಿದ್ದ ಸೆರಗು, ಗಟ್ಟಿಯಿದ್ದ ಅಂಚು, ಅಷ್ಟನ್ನೇ ಅಳೆದು ಚೌಕ ಮಾಡಿದೆ. ಸಾಲದ್ದಕ್ಕೆ ಕೆಳಪದರಕ್ಕೆ ಇನ್ನೂ ನೀರು ಕಾಣದ ಗಡುಸು ಕೋರಾ ಬಟ್ಟೆ ಕೊಟ್ಟೆ. ನಾಲ್ಕು ದಿನ ಹೊಲಿದೆ. ನಡುವೆ ಮಿಷನ್ನಿಗೆ ಎಣ್ಣೆ ಬಿಟ್ಟಾಗ ಒರೆಸಲು ಕೈಗೆ ಸಿಕ್ಕಿದ್ದು ಆ ಬುಟ್ಟಿಯ ಮೆತ್ತನೆಯ ತುಂಡುಗಳೇ. ಎಷ್ಟು ಚೆನ್ನಾಗಿ ಎಣ್ಣೆ ಹೀರುತ್ತವೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ನಾಗವೇಣಿ ಬಂದ ದಿನ ಕೌದಿಯನ್ನು ಗೋಡೆಗೆ ಒರಗಿಸಿ ಇಟ್ಟೆ. ಒರಗಿಸಿ ಎಂದೆನಲ್ಲ, ಅದು ನಿಜಕ್ಕೂ ಒರಗಿ ನಿಂತಿತ್ತು. ಅವಳು ಚೀಲ ಕೆಳಗಿಟ್ಟು ನೋಡಿದಳು. "ಇವ್ರೇ, ಇದು ಎಂತದು, ಬಾಗ್ಲಾ?"

"ಕೌದಿ. ಶಾರದಕ್ಕನದ್ದು. ಅವಳ ಅಮ್ಮನ ಸೀರೆ, ಮಗಳ ಕೂಸಿಗೆ ಅಂತ."

ಅವಳು ಬಂದು ಹೊಲಿಗೆಯನ್ನು ನೋಡಲಿಲ್ಲ. ಒಂದೇ ಒಂದು ಸಾಲನ್ನೂ ನೋಡಲಿಲ್ಲ. ಬಗ್ಗಿ ಕೆನ್ನೆಯನ್ನು ಅದಕ್ಕೆ ಉಜ್ಜಿದಳು, ಅಷ್ಟೇ. ಎದ್ದಾಗ ಮುಖ ಬೇರೆಯಾಗಿತ್ತು. "ಸವ್ದ ಬಟ್ಟೆ ಎಲ್ಲಿ?" ಎಂದಳು. ನಾನು ಬುಟ್ಟಿಯ ಕಡೆ ಕೈ ತೋರಿಸಿದೆ. ಅವಳು ಒಂದೊಂದೇ ತುಂಡನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡಳು. ಅರ್ಧಕ್ಕರ್ಧ ಎಣ್ಣೆಯ ಕಲೆ. "ಆ ಹೆಂಗ್ಸು ಇಪ್ಪತ್ತು ವರ್ಷ ಉಟ್ಟು, ತೊಳ್ದು, ಮೆತ್ತಗೆ ಮಾಡಿಟ್ಟದ್ದು ಇದನ್ನೇ ಅಲ್ರಾ. ಕೂಸಿಗೆ ಬೇಕಾದದ್ದೂ ಇದೇ. ನೀವು ಅಜ್ಜಿನ ತೆಗ್ದಿಟ್ಟು ಬರೀ ಅಂಚು ಹೊಲ್ದಿರಿ" ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಇಂಥ ಹೊತ್ತಿನಲ್ಲಿ ಬೈಯದವರ ಮೇಲೆ ನನಗೆ ಬಹಳ ಸಿಟ್ಟು. ಅದೇ ಹೊತ್ತಿಗೆ ಶಾರದಕ್ಕನ ಫೋನು ಬಂತು. ದಿನ ತುಂಬುವ ಮೊದಲೇ ಹೆರಿಗೆ ಆಗಿತ್ತು, ಹೆಣ್ಣು ಕೂಸು, ಭಾನುವಾರ ಮನೆಗೆ ಕರೆತರುತ್ತಾರೆ, ಕೌದಿ ಆಗಿದೆಯಾ ಎಂದು ಕೇಳಿದಳು. ನಾಗವೇಣಿ ನನ್ನನ್ನು ನೋಡುತ್ತಲೇ, "ಆತು ಶಾರದಕ್ಕ, ಬನ್ನಿ" ಎಂದಳು.

ಇದ್ದದ್ದು ಮೂರು ದಿನ. ಅವಳು ಅಂಟವಾಳಕಾಯಿ ನೆನೆಸಿ, ಬಿಸಿನೀರಿನಲ್ಲಿ ತುಂಡುಗಳನ್ನು ಮೂರು ಸಲ ತೊಳೆದಳು. ನನ್ನ ಪಾಲಿಗೆ ಬಂದದ್ದು ನನ್ನ ಕೌದಿಯನ್ನು ಬಿಚ್ಚುವ ಕೆಲಸ. ಸೆರಗು ಕಾಣದಿದ್ದರೆ ಶಾರದಕ್ಕ ಹುಡುಕುತ್ತಾಳಲ್ಲ! ಬ್ಲೇಡು ಹಿಡಿದು ಕೂತೆ. ನನ್ನ ಹೊಲಿಗೆ ಎಷ್ಟು ಗಟ್ಟಿ ಎನ್ನುವುದು ಅಂದು ನನಗೆ ಗೊತ್ತಾಯಿತು. ಎರಡು ದಿನ ಬಿಚ್ಚಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಂಚು ಇಂಚಾಗಿ ಉಂಡೆ.

ಕಲೆಗಳು ಮಸುಕಾದವು, ಪೂರ್ತಿ ಹೋಗಲಿಲ್ಲ. ಅವುಗಳ ಮೇಲೆ ತೇಪೆ ಕೊಡಬೇಕು, ತೇಪೆಯೂ ಅಷ್ಟೇ ಮೆತ್ತಗಿರಬೇಕು. ನಾಗವೇಣಿ ಕಪಾಟೆಲ್ಲ ಹುಡುಕಿದಳು. ಆಮೇಲೆ ನಿಂತಲ್ಲೇ ನಿಂತು ನನ್ನ ಸೊಂಟದ ಕಡೆ ನೋಡಿದಳು. ನಾನು ಉಟ್ಟಿದ್ದು ನೀಲಿ ಚೌಕಳಿಯ ಲುಂಗಿ. ಹನ್ನೆರಡು ವರ್ಷದ್ದು, ಉಟ್ಟರೂ ಉಟ್ಟ ಹಾಗೇ ಅನ್ನಿಸುವುದಿಲ್ಲ, ಅಷ್ಟು ಮೆತ್ತಗೆ. ಬಿಸಾಡಿ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು.

"ಬಿಚ್ಚಿ" ಎಂದಳು.

"ಇದು ಬಿಟ್ಟು ಬೇರೆ ಯಾವುದಾದ್ರೂ..."

"ಎಣ್ಣೆ ಒರಸ್ದವ್ರು ಯಾರು? ಬಿಚ್ಚಿ ಅಂದೆ."

ನಾನು ಪ್ಯಾಂಟು ಹಾಕಿಕೊಂಡು ಬಂದು ಲುಂಗಿ ಒಪ್ಪಿಸಿದೆ. ಹನ್ನೊಂದು ಕಲೆ, ಹನ್ನೊಂದು ನೀಲಿ ಚೌಕ. ನನ್ನ ಕತ್ತರಿಯಿಂದ ನಾನೇ ಕತ್ತರಿಸಿಕೊಟ್ಟೆ. ಅವಳು ರಾತ್ರಿಯೆಲ್ಲ ಕೂತು ಹೊಸದಾಗಿ ಹೊಲಿದು ಮುಗಿಸಿದಳು.

ಭಾನುವಾರ ಶಾರದಕ್ಕ ಬಂದಳು. ಕೌದಿಯನ್ನು ಮಡಿಲಿಗೆ ಹಾಕಿಕೊಂಡು ಸವರುತ್ತ ಸವರುತ್ತ ಒಂದು ಕಡೆ ಅವಳ ಕೈ ನಿಂತಿತು. "ಬುಟ್ಟಿ ಸೊಂಟಕ್ಕೆ ಇಟ್ಕಂಡು ನಿಲ್ತಿತ್ತು ಅಮ್ಮ. ಇಲ್ಲೇ ಸವ್ದದ್ದು" ಎಂದು ಕಣ್ಣೊರೆಸಿಕೊಂಡಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಅಷ್ಟರಲ್ಲಿ ಅವಳು, "ಈ ನೀಲಿ ಚೌಕ ಎಷ್ಟು ಚೆಂದ ಕೂತಿದೆ ನಾಗವೇಣಕ್ಕ! ಎಲ್ಲಿ ಸಿಕ್ಕಿತು?" ಎಂದಳು. "ಮನೇಲೇ ಇತ್ತು" ಎಂದಳು ನಾಗವೇಣಿ. ನಾನು ಹಾಲು ತರುವ ನೆವ ಹೇಳಿ ಹೊರಬಿದ್ದೆ.

ಮುಂದಿನದು ಕೇಳಿ. ಆ ಕೂಸು ಆ ಕೌದಿಯಲ್ಲಿ ಮಲಗಿದ ಫೋಟೋ ಊರೆಲ್ಲ ಸುತ್ತಿತು. ಈಗ ಬಂದವರೆಲ್ಲ, "ಆ ನೀಲಿ ಚೌಕದ್ದೇ ಬೇಕು" ಎನ್ನತೊಡಗಿದರು. ನಾಗವೇಣಕ್ಕನ ಕೈಗುಣ, ನಾಗವೇಣಕ್ಕನ ಹೊಸ ನಮೂನೆ! ಎಣ್ಣೆ ನನ್ನದು, ಕಲೆ ನನ್ನದು, ಲುಂಗಿ ನನ್ನದು, ಹೆಸರು ಮಾತ್ರ ಅವಳದ್ದು. ಹಕ್ಕು ಕೇಳೋಣವೆಂದರೆ ಮೊದಲು ತಪ್ಪು ಒಪ್ಪಬೇಕು. ಹೀಗೆ ಬಾಯಿ ಕಟ್ಟಿಹಾಕುವ ಹೊಟ್ಟೆಕಿಚ್ಚನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಇಬ್ಬರೂ ಶಿರಾಲಿಗೆ ಹೋದೆವು. ಬಂದ ಹೆಂಗಸರೆಲ್ಲ ಕೌದಿ ಮುಟ್ಟಿ ನೋಡುವವರೇ. ನಾಗವೇಣಿಯ ಸುತ್ತ ಜಾಗವಿಲ್ಲ. ನಾನು ಹಿತ್ತಲಿಗೆ ಹೋಗಿ ತೆಂಗಿನಮರದ ಬುಡದಲ್ಲಿ ನಿಂತೆ. ಪಾತ್ರೆ ತೊಳೆಯಲು ಬಂದ ಶಾರದಕ್ಕ, "ಎಂತ ಗಣಪಣ್ಣ, ಒಬ್ರೇ?" ಎಂದಳು. ಅವಳ ಮುಖ ನೋಡಿ ತಡೆಯಲಾಗಲಿಲ್ಲ. ಅವಳ ಅಮ್ಮನ ಸೀರೆಯಲ್ಲಿ ಎಣ್ಣೆ ಒರೆಸಿದವನು ನಾನು. ಅವಳು ಕೊಟ್ಟ ಪಾಯಸವನ್ನು ಅದೇ ಕೈಯಲ್ಲಿ ತಿಂದಿದ್ದೆ. ಎಲ್ಲ ಹೇಳಿಬಿಟ್ಟೆ. ಹೊಟ್ಟೆಕಿಚ್ಚು, ಕತ್ತರಿ, ಬುಟ್ಟಿ, ಎಣ್ಣೆ, ಲುಂಗಿ. ಬೈದರೆ ಬೈಯಲಿ, ಕೌದಿ ತಂದು ಮುಖದ ಮೇಲೆ ಎಸೆದರೂ ಎಸೆಯಲಿ ಎಂದು ತಲೆ ತಗ್ಗಿಸಿ ನಿಂತೆ.

ಶಾರದಕ್ಕ ಪಾತ್ರೆ ಕವುಚಿಟ್ಟಳು. "ಗೊತ್ತುಂಟು ಗಣಪಣ್ಣ. ನೀವು ಹಾಲಿಗೆ ಹೋದಾಗ ನಾಗವೇಣಕ್ಕ ಎಲ್ಲ ಹೇಳಿದ್ರು. ನನಗೂ ಮೊದ್ಲು ಬೇಜಾರಾತು. ಆದ್ರೆ ಅಮ್ಮನ ಸೀರೆ ಜೀವಮಾನ ಪೂರ್ತಿ ಮೀನಿನ ನೀರು ಕುಡ್ದದ್ದು, ಒಂದ್ ಹನಿ ಎಣ್ಣೆ ಎಂತ ಮಾಡ್ತದೆ?" ಎಂದಳು. ನನ್ನ ಎದೆ ಹಗುರಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ! ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. "ಅವ್ರು ಲುಂಗಿ ಬಿಚ್ಚಿ ಅಂದಾಗ ನಿಮ್ಮ ಮುಖ ಮಾಡಿ ತೋರ್ಸಿದ್ರು ನೋಡಿ, ನಕ್ಕು ನಕ್ಕು ಹೊಟ್ಟೆ ನೋವು ಬಂತು. ನೀವು ಹೇಳಿದ್ರಲ್ಲಿ ಅಷ್ಟು ಮಜಾ ಬರ್ಲಿಲ್ಲ ಬಿಡಿ."

ನನ್ನ ತಪ್ಪೊಪ್ಪಿಗೆಯನ್ನೂ ನನಗಿಂತ ಚೆನ್ನಾಗಿ ನಾಗವೇಣಿಯೇ ಹೇಳಿ ಮುಗಿಸಿದ್ದಳು. ಅದಕ್ಕೇ ಈ ಪ್ರಬಂಧ. ಬರೆಯುವುದೊಂದು ಅವಳಿಗೆ ಇನ್ನೂ ಹೊಳೆದಿಲ್ಲ. ನಿನ್ನೆ ಮಧ್ಯಾಹ್ನ ಬಂದು, "ಇವ್ರೇ, ಒಂದು ಪೆನ್ನು ಉಂಟಾ?" ಎಂದಳು. ಇಲ್ಲ ಎಂದೆ. ಜೇಬಿನಲ್ಲಿ ಎರಡಿದ್ದವು.