ಏರಿನಲ್ಲಿ ಉಸಿರು ಕಟ್ಟುವ ಇಂಜಿನ್ ಸಾಹೇಬರಿಗೆ

ಇಂದ: ಕನ್ನಡಕದ ಅಂಗಡಿಯವನು, ತಮ್ಮ ಕಾನೂನುಬದ್ಧ ಮಾಲೀಕ
ಇವರಿಗೆ: ಶ್ರೀಮಾನ್ ಇಂಜಿನ್ ಅವರು, ಕೆಂಪು ಬಾನೆಟ್ಟಿನ ಕೆಳಗೆ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ನಮ್ಮ ಮನೆಯ ಮುಂದೆ

ವಿಷಯ: ತಮ್ಮ ಶಕ್ತಿವರ್ಧನೆಗೆ ನಾನು ಹಾಕಿಕೊಂಡ ಯೋಜನೆಯಿಂದ ನನ್ನ ಸಂಸಾರದಲ್ಲಾದ ಏರುಪೇರು.

ಮಾನ್ಯರೇ,

ತಮ್ಮ ಆಯಿಲ್ ತಕ್ಕ ಮಟ್ಟದಲ್ಲಿದೆ, ರೇಡಿಯೇಟರಿನ ನೀರು ಇವತ್ತಿನ ಮಟ್ಟಿಗಾದರೂ ಸೋರಿಲ್ಲ, ತಮ್ಮ ನಾಲ್ಕೂ ಸಿಲಿಂಡರುಗಳು ಪರಸ್ಪರ ಮಾತು ಬಿಟ್ಟಿಲ್ಲ ಎಂದು ನಂಬಿ, ಎರಡೂ ಕೈ ಜೋಡಿಸಿ ವಂದಿಸುತ್ತೇನೆ. ಉಭಯಕುಶಲೋಪರಿ ಎಂದು ಬರೆಯಲು ಕೈ ಹೋಗಿತ್ತು. ಉಭಯರಲ್ಲಿ ಒಬ್ಬರೂ ಕುಶಲವಾಗಿಲ್ಲದ ಕಾರಣ ಆ ಶಬ್ದವನ್ನು ಕೈಬಿಟ್ಟಿದ್ದೇನೆ. ಈ ಪತ್ರವನ್ನು ತಮಗೆ ಖಾಸಗಿಯಾಗಿ ತಲುಪಿಸಬಹುದಿತ್ತು. ಆದರೆ ತಮ್ಮ ಸೈಲೆನ್ಸರಿನ ಕೃಪೆಯಿಂದ ನಮ್ಮಿಬ್ಬರ ವಿಷಯ ಬೀದಿಗೆಲ್ಲ ಗೊತ್ತಿರುವಾಗ ಮುಚ್ಚುಮರೆ ಯಾಕೆ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮನ್ನು ಮಾರಿದ ಮನುಷ್ಯ ತಮ್ಮೊಳಗೆ ನೂರಾರು ಕುದುರೆಗಳ ಶಕ್ತಿಯಿದೆ ಎಂದು ಎದೆ ತಟ್ಟಿ ಹೇಳಿದ್ದ. ಆತ ಸುಳ್ಳುಗಾರನೆಂದು ನಾನು ಹೇಳಲಾರೆ, ಕುದುರೆಗಳಿಗೂ ವಯಸ್ಸಾಗುತ್ತದೆ. ಶಾಲೆಯ ವ್ಯಾನು, ತರಕಾರಿ ಟೆಂಪೊ, ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಸ್ಕೂಟರು, ಇವರೆಲ್ಲರಿಗೂ ದಾರಿ ಬಿಟ್ಟುಕೊಟ್ಟು ಹಿಂದುಳಿಯುವ ತಮ್ಮ ದೊಡ್ಡ ಮನಸ್ಸನ್ನು ಕಂಡು ನಾನು ಎಷ್ಟೋ ಸಲ ತಲೆ ತಗ್ಗಿಸಿದ್ದೇನೆ; ತಲೆ ತಗ್ಗಿಸದೆ ಕೂರಲು ತಮ್ಮ ಕಾರಿನಲ್ಲಿ ಜಾಗವೂ ಇಲ್ಲ, ಅದು ಬೇರೆ ಮಾತು. ನಮ್ಮ ಮನೆಗೆ ಬರುವ ಏರು ದಾರಿಯಲ್ಲಿ ತಾವು ಅರ್ಧಕ್ಕೆ ನಿಂತು, ಒಂದು ಸಲ ಕೆಮ್ಮಿ, ಲೋಕದ ವ್ಯವಹಾರವನ್ನೆಲ್ಲ ತ್ಯಜಿಸಿದವರಂತೆ ಸುಮ್ಮನಾಗುವ ಆ ಗಾಂಭೀರ್ಯ ಹೊಸ ಕಾರುಗಳಿಗೆ ಈ ಜನ್ಮದಲ್ಲಿ ಬರುವುದಿಲ್ಲ.

ಇಂಥ ತಮ್ಮನ್ನು ಬಲಪಡಿಸಬೇಕೆಂಬ ಹುಚ್ಚು ನನಗೆ ಹತ್ತಿದ್ದು ತಮಗೆ ನೆನಪಿರಬಹುದು. ಶಾಲೆಯಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ ಇದಕ್ಕೆ ಬಜೆಟ್ ಮಂಜೂರು ಮಾಡಿದ ರೀತಿಯನ್ನೂ ತಾವು ಕಿಟಕಿಯಾಚೆಯಿಂದ ಕೇಳಿಸಿಕೊಂಡಿರುತ್ತೀರಿ. "ಫ್ರಿಜ್ ಇನ್ನೊಂದು ವರ್ಷ ಎಳೆಯುತ್ತೆ. ಆ ದುಡ್ಡಲ್ಲಿ ಏನಾಗುತ್ತೋ ಅಷ್ಟು ಮಾಡ್ಕೊಳ್ಳಿ. ಅದರ ಮೇಲೆ ಒಂದೇ ಒಂದು ಬಿಲ್ಲು ಬಂದ್ರೂ ಹಾಸಿಗೆ ದಿಂಬು ಕಾರಿಗೇ ತಗೊಂಡು ಹೋಗ್ರೀ" ಎಂದಿದ್ದಳು. ಫ್ರಿಜ್ಜಿನ ದುಡ್ಡನ್ನು ಜೇಬಿಗಿಟ್ಟುಕೊಂಡು ನಾನು ತಮ್ಮನ್ನು ಕರೆದೊಯ್ದದ್ದು ತಗಡಿನ ಛಾವಣಿಯ ಗ್ಯಾರೇಜಿನ ಮೆಕ್ಯಾನಿಕ್ಕನ ಬಳಿಗೆ. ಕಿವಿಗೆ ಸ್ಟೆತೊಸ್ಕೋಪು ಸಿಕ್ಕಿಸಿಕೊಂಡು, ಅದರ ಇನ್ನೊಂದು ತುದಿಯನ್ನು ಇಂಜಿನ್ನುಗಳ ಎದೆಗಿಟ್ಟು, ಕಣ್ಣು ಮುಚ್ಚಿ ರೋಗ ಹೇಳುವ ಆತನನ್ನು ಊರೆಲ್ಲ ಡಾಕ್ಟರ್ ಎಂದೇ ಕರೆಯುತ್ತದೆ, ಆತನೂ ಆ ಪದವಿಯನ್ನು ಯಾವ ಸಂಕೋಚವೂ ಇಲ್ಲದೆ ಸ್ವೀಕರಿಸಿದ್ದಾನೆ.

ಇಂಜಿನ್ನಿನ ಬಲ ಹೆಚ್ಚಿಸುವ ಕೆಲಸವನ್ನು ಡಾಕ್ಟರು ಸ್ಟೇಜುಗಳಾಗಿ ಹಂಚಿದ್ದ. ಸ್ಟೇಜ್ ಒನ್ ಎಂದರೆ ತಮಗೆ ಸಲೀಸಾಗಿ ಗಾಳಿಯಾಡಲು ಹೊಸ ಏರ್ ಫಿಲ್ಟರು, ದಪ್ಪ ಸೈಲೆನ್ಸರು, ಪೆಟ್ರೋಲನ್ನು ಧಾರಾಳವಾಗಿ ಸುರಿಯುವಂತೆ ತಮ್ಮೊಳಗಿನ ಕಂಪ್ಯೂಟರಿಗೊಂದು ಬುದ್ಧಿವಾದ. ಸ್ಟೇಜ್ ಟೂ ಎಂದರೆ ಹೊಸ ಕ್ಲಚ್ಚು ಮತ್ತು ತಮ್ಮ ಬಿಸಿ ಇಳಿಸುವ ಏರ್ಪಾಟು. ಸ್ಟೇಜ್ ತ್ರೀ ಎಂದರೆ ತಮ್ಮನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಕೂರಿಸಿ, ಗಾಳಿಯನ್ನು ಒತ್ತಿ ತುಂಬುವ ದೊಡ್ಡ ಟರ್ಬೊ ಹಾಕುವುದು. ಫ್ರಿಜ್ಜು ಸ್ಟೇಜ್ ಒನ್‌ನಲ್ಲೇ ಮುಗಿಯಿತು. ಫಲವಾಗಿ ತಮ್ಮ ಸದ್ದು ಇಮ್ಮಡಿಯಾಯಿತು, ವೇಗ ಇದ್ದಲ್ಲೇ ಇತ್ತು. ದಾರಿಹೋಕರು ಹೌಹಾರಿ ಬದಿಗೆ ಸರಿದು ನಿಂತು, ಬಹಳ ಹೊತ್ತು ಕಾದ ಮೇಲೆ ನಾವು ಬರುತ್ತಿದ್ದೆವು.

ಇನ್ನು ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ತಮ್ಮನ್ನು 'ಕೆಂಪು ಗ್ರಹಚಾರ' ಎಂದು ಕರೆಯುತ್ತಾರೆ. ನನ್ನನ್ನು ಹಾಗೆ ಕರೆಯುವುದಿಲ್ಲ. ಮದುವೆಯಾದಂದಿನಿಂದ 'ಅಳಿಯಂದ್ರೇ, ಊಟಕ್ಕೆ ಬನ್ನಿ', 'ಅಳಿಯಂದ್ರೇ, ಒದ್ದೆ ಟವೆಲ್ಲು ಹಾಸಿಗೆ ಮೇಲಿದೆ, ನೋಡಿ' ಎಂದು ಬಹುವಚನದಲ್ಲೇ ನಿವಾಳಿಸಿ ದೂರ ಇಟ್ಟಿದ್ದರು. ಒಂದು ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಫೋನು ಹಿಡಿದು ತಮ್ಮ ಬಗ್ಗೆ ಮಾತಾಡುತ್ತಿದ್ದಾಗ ಅವರು ಹಗ್ಗದ ಮೇಲಿನ ಬೆಡ್‌ಶೀಟಿನ ಆಚೆ ನಿಂತು ಬಟ್ಟೆ ತೆಗೆಯುತ್ತಿದ್ದರಂತೆ. ನಾನು ಹೇಳಿದ್ದು ಇಷ್ಟೇ: "ಹೌದು ಡಾಕ್ಟ್ರೇ, ಏರು ಹತ್ತುವಾಗ ಉಸಿರೇ ಸಿಗಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮು, ಆಮೇಲೆ ಹೊಟ್ಟೆಯೊಳಗಿಂದ ಕಟಕಟ ಅಂತ ಸದ್ದು. ಸ್ಟೇಜ್ ಟೂನಲ್ಲೇ ನಿಲ್ಸೋಕೆ ಆಗಲ್ವಾ? ಸ್ಟೇಜ್ ತ್ರೀ ಅಂದ್ರೆ ಬಿಚ್ಚಲೇಬೇಕಾ? ಅಯ್ಯೋ, ಅಷ್ಟು ದುಡ್ಡು ಎಲ್ಲಿಂದ ತರಲಿ? ಮನೇಲಿ ಮಾತ್ರ ಗೊತ್ತಾಗಬಾರದು. ಹೆಂಡ್ತಿಗೆ ಸ್ಟೇಜ್ ಒನ್ ಅಂತಲೇ ಹೇಳಿದ್ದೀನಿ."

ಮರುದಿನದಿಂದ ನಮ್ಮ ಮನೆಯಲ್ಲಿ ಗಾಳಿಯೇ ಬದಲಾಯಿತು. ಕಿಟಕಿ ಪಕ್ಕದ ಕುರ್ಚಿ ನನ್ನದಾಯಿತು. ಒದ್ದೆ ಟವೆಲ್ಲು ತಾನಾಗಿಯೇ ಹಗ್ಗಕ್ಕೆ ಹೋಯಿತು. ಅತ್ತೆ ಬಿಸಿನೀರು ತಂದು ಮುಂದಿಟ್ಟು "ಕುಡಿ ಮಗಾ, ಆರಿ ಹೋಗುತ್ತೆ" ಎಂದರು. ಮಾನ್ಯರೇ, ಆ 'ಕುಡಿ' ಎಂಬ ಏಕವಚನ ಕಿವಿಗೆ ಬಿದ್ದಾಗ ನಾನು ಲೋಟ ಹಿಡಿದು ಹಾಗೇ ಕುಳಿತುಬಿಟ್ಟೆ. ಗಿರಾಕಿಗಳಿಗೆ ನಾನು ಸಾರ್, ಹೆಂಡತಿಗೆ ರೀ. ಅಮ್ಮ ಹೋದ ಮೇಲೆ ಈ ಲೋಕದಲ್ಲಿ ನನ್ನನ್ನು ನೀನು ಎನ್ನುವವರು ಯಾರೂ ಉಳಿದಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಈ ಬದಲಾವಣೆಗೆ ತಮ್ಮ ಹೊಸ ಸೈಲೆನ್ಸರಿನ ಗಾಂಭೀರ್ಯವೇ ಕಾರಣ, ಅತ್ತೆಗೆ ಕೊನೆಗೂ ತಮ್ಮ ಮೇಲೆ ಅಭಿಮಾನ ಹುಟ್ಟಿದೆ ಎಂದು ನಾನು ತಿಳಿದೆ. ಹೆಂಡತಿ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಅವರು ಹತ್ತಿರ ಕುಳಿತು, ಎರಡು ದಾಟಿತಾ ಎಂದು ಮೆಲ್ಲಗೆ ಕೇಳಿದಾಗ ಉಬ್ಬಿಹೋಗಿ, ಎರಡು ದೊಡ್ಡದಲ್ಲ, ಮೂರಕ್ಕೆ ಹೋದರೇನೇ ಮಜಾ ಎಂದುಬಿಟ್ಟೆ. "ಮೂರಾದ ಮೇಲೆ ಎಷ್ಟು ದಿನ ಬರುತ್ತೆ ಮಗಾ?" ಎಂದರು. "ಜಾಸ್ತಿ ದಿನ ಬರಲ್ಲ ಅತ್ತೆ, ಆದ್ರೆ ಇರೋಷ್ಟು ದಿನ ಎಲ್ಲರ ಕಣ್ಣು ಕುಕ್ಕೋ ಹಾಗೆ ಓಡಬಹುದು" ಎಂದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಇಂಜಿನ್ನಿನ ವಿಷಯದಲ್ಲಿ ಇಷ್ಟು ಭಾವುಕರಾಗುವ ಹಿರಿಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗುರುವಾರ ಅವರು ನನ್ನ ಅಂಗಡಿಗೇ ಬಂದರು. ಗೋಡೆ ಹಿಡಿದು, ಮೆಟ್ಟಿಲು ತಡವಿಕೊಂಡು ಬಂದರು, ಏಕೆಂದರೆ ಅವರ ಎರಡೂ ಕಣ್ಣುಗಳಿಗೆ ಪೊರೆ ಬಂದಿದೆ. ಇನ್ನು ಯಾವ ಕನ್ನಡಕವೂ ನಡೆಯದು, ಪೊರೆ ತೆಗೆಸಲೇಬೇಕು ಎಂದು ಅವರಿಗೆ ಹೇಳಿದವನೇ ನಾನು. ಅದಕ್ಕಾಗಿ ಅವರು ಹೊಲಿಗೆ ಮಾಡಿ ಕೂಡಿಟ್ಟ ಹಣವನ್ನು ಒಂದು ಲಕೋಟೆಯಲ್ಲಿ ತಂದು ನನ್ನ ಕೈಯಲ್ಲಿಟ್ಟರು. "ನನ್ನ ಕಣ್ಣು ಕಾಯುತ್ತೆ ಮಗಾ, ನಿನ್ನ ಸ್ಟೇಜು ಕಾಯಲ್ಲ. ಡಾಕ್ಟ್ರು ಬಿಚ್ಚಬೇಕು ಅಂದ್ರೆ ಬಿಚ್ಚಿಸ್ಕೊ. ನನ್ನ ಮಗಳಿಗೆ ನಾನೇನೂ ಹೇಳಲ್ಲ" ಎಂದರು. ಬೆಡ್‌ಶೀಟಿನ ಆಚೆಯಿಂದ ಕೇಳಿದ್ದನ್ನೂ ಆಗಲೇ ಹೇಳಿದರು. ನನ್ನ ತಲೆಯಲ್ಲಿ ಎಲ್ಲವೂ ಒಟ್ಟಿಗೇ ಹೊತ್ತಿಕೊಂಡಿತು, ತಮ್ಮಲ್ಲಿ ನಾಲ್ಕು ಸಿಲಿಂಡರೂ ಹಾಗೆ ಹೊತ್ತಿಕೊಂಡದ್ದನ್ನು ನಾನು ಎಂದೂ ನೋಡಿಲ್ಲ.

ಅಲ್ಲೇ, ಆ ಕ್ಷಣವೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಲಕೋಟೆಯಲ್ಲಿದ್ದದ್ದು ಹೆಚ್ಚುಕಡಿಮೆ ಟರ್ಬೊದ ಬೆಲೆಯೇ ಆಗಿತ್ತು ಎಂಬುದು ಒಂದು ಕಾರಣ. ನಿಜ ಹೇಳಿದರೆ ಮರುಕ್ಷಣವೇ ನಾನು ಮತ್ತೆ ಅಳಿಯಂದಿರಾಗುತ್ತೇನೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹಣವನ್ನು ಗಾಜುಗಳ ಡ್ರಾಯರಿನಲ್ಲಿಟ್ಟೆ. ಅತ್ತ ಮನೆಯಲ್ಲಿ ಅತ್ತೆ ಬಟ್ಟಲಿನ ಪಕ್ಕದ ಮೇಜಿಗೆ ಚಹಾ ಸುರಿದು, ಬಟ್ಟಲು ತುಂಬಿತೆಂದು ನನ್ನ ಕಡೆ ನೂಕುತ್ತಿದ್ದರು. ನಾನು ಮೇಜು ಒರೆಸಿ, ಖಾಲಿ ಬಟ್ಟಲನ್ನು ಸದ್ದು ಮಾಡಿಕೊಂಡು ಕುಡಿಯುತ್ತಿದ್ದೆ.

ಭಾನುವಾರ ನಾನು ಲಕೋಟೆಯನ್ನು ಜೇಬಿನಲ್ಲಿಟ್ಟುಕೊಂಡು, ಡಾಕ್ಟರ ಬಳಿ ಹೋಗಿಬರುತ್ತೇನೆಂದು ಹೇಳಿ ತಮ್ಮನ್ನು ಗ್ಯಾರೇಜಿಗೆ ಹೊರಡಿಸುವಾಗ, ಒಬ್ಬನನ್ನೇ ಕಳಿಸುವುದಿಲ್ಲವೆಂದು ಹಟ ಹಿಡಿದು ಅತ್ತೆಯೂ ಹತ್ತಿ ಕುಳಿತರು. ಹತ್ತಿದರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು, ತಮ್ಮ ಸೀಟು ಅಷ್ಟು ತಗ್ಗಿನಲ್ಲಿದೆ. ದಾರಿಯುದ್ದಕ್ಕೂ ಹೇಳಲು ಬಾಯಿ ತೆರೆದೆ, ತಮ್ಮ ಸೈಲೆನ್ಸರು ಅವಕಾಶ ಕೊಡಲಿಲ್ಲ. ಗ್ಯಾರೇಜಿನಲ್ಲಿ ಆ ಮಹಾಶಯ ಮಾಸಿದ ಬಿಳಿ ಕೋಟು ತೊಟ್ಟು, ಕೊರಳಲ್ಲಿ ಸ್ಟೆತೊಸ್ಕೋಪು ಇಳಿಬಿಟ್ಟುಕೊಂಡು ನಿಂತಿದ್ದ. ಅತ್ತೆಯ ಮಂಜುಗಣ್ಣಿಗೆ ಅಷ್ಟೇ ಸಾಕಾಯಿತು. ನೇರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡು, "ಹೇಗಾದ್ರೂ ಮಾಡಿ ಉಳಿಸ್ಕೊಡಿ ಡಾಕ್ಟ್ರೇ" ಎಂದು ಬೇಡಿದರು.

ಅವನು ತಮ್ಮ ಕಡೆ ನೋಡಿದ. ಆಮೇಲೆ ಹಿರಿಯರ ಮುಂದೆ ಸುಳ್ಳು ಹೇಳಬಾರದೆಂದು, ನನಗೆ ಎಂದೂ ಹೇಳದ ಸತ್ಯವನ್ನು ಅವರಿಗೆ ಹೇಳಿದ: "ಅಮ್ಮಾ, ವಯಸ್ಸಾಗಿದೆ. ಒಳಗೆಲ್ಲ ಸವೆದಿದೆ. ಇದಕ್ಕೆ ಸುರಿಯೋ ದುಡ್ಡಲ್ಲಿ ಒಳ್ಳೆ ಕಂಡೀಷನ್ ಇರೋ ಇನ್ನೊಂದು ಸಿಗುತ್ತೆ. ಇದನ್ನ ಗುಜರಿಗೆ ಹಾಕ್ಬಿಡಿ, ನಾನೇ ಒಂದು ನೋಡ್ಕೊಡ್ತೀನಿ." ಅತ್ತೆ ಅವನ ಕೈ ಒದರಿ, "ಬಾಯಿಗೆ ಬಂದ ಹಾಗೆ ಮಾತಾಡ್ತೀಯಲ್ಲ, ನನ್ನ ಮಗಳಿಗೆ ಇನ್ನೊಂದಾ?" ಎಂದು ಕೂಗಿದ್ದಕ್ಕೆ ಪಕ್ಕದ ಟೈರು ಅಂಗಡಿಯವರೆಲ್ಲ ಕೆಲಸ ಬಿಟ್ಟು ಬಂದರು. ಅವರೆಲ್ಲರ ಎದುರು ನಾನು ತೊದಲುತ್ತಾ, ರೋಗ ತಮ್ಮದೆಂದೂ ನಾನು ಗಟ್ಟಿಮುಟ್ಟಾಗಿದ್ದೇನೆಂದೂ ಲಕೋಟೆ ಇಗೋ ಇಲ್ಲಿದೆಯೆಂದೂ ಹೇಳಿ ಮುಗಿಸಿದೆ.

ಅತ್ತೆ ಒಂದು ಹಳೆಯ ಟೈರಿನ ಮೇಲೆ ಕುಸಿದರು. "ಹಾಗಾದ್ರೆ ಸಾಯಲ್ವಾ?" ಎಂದರು. ಇಲ್ಲವೆಂದೆ. ಮುಖ ಮುಚ್ಚಿಕೊಂಡು ಬಹಳ ಅತ್ತರು. ಕಣ್ಣೊರೆಸಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದರು: "ನಾನು ತಪ್ಪು ತಿಳ್ಕೊಂಡಿದ್ದೀನಿ ಅಂತ ನಿನಗೆ ಯಾವಾಗ ಗೊತ್ತಾಯ್ತು?" ಈಗ ತಾನೇ ಎಂದಿದ್ದರೆ ನಡೆದುಹೋಗುತ್ತಿತ್ತು. ಅವರ ಮುಂದೆ ಅದು ಬಾಯಿಗೆ ಬರಲಿಲ್ಲ, ಗುರುವಾರ ಎಂದೆ. ಅವರು ಎದ್ದು, ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ ಅಳಿಯಂದ್ರೇ, ಮನೆಗೆ ಹೋಗೋಣ" ಎಂದರು.

ಮಾನ್ಯರೇ, ನನ್ನ ದೂರು ಇರುವುದು ಆ 'ನಡೀರಿ'ಯ ಬಗ್ಗೆ. ಹೆಂಡತಿ ವಿಷಯ ತಿಳಿದು ಹೊಟ್ಟೆ ಹಿಡಿದು ನಕ್ಕು, ಆಮೇಲೆ ತಮ್ಮ ಬಜೆಟ್ಟನ್ನು ಸೊನ್ನೆಗಿಳಿಸಿದಳು, ಅದನ್ನು ಸಹಿಸಿಕೊಂಡೆ. ಅತ್ತೆ ಒಂದು ಬೈಗುಳವನ್ನೂ ಆಡಲಿಲ್ಲ. ಬಿಸಿನೀರು ಬರುತ್ತಿತ್ತು, 'ತಗೊಳ್ಳಿ' ಎಂಬ ಮಾತಿನ ಜೊತೆಗೆ ಬರುತ್ತಿತ್ತು. ಆದ್ದರಿಂದ ಕೆಳಗಿನ ಪರಿಹಾರಗಳನ್ನು ಕೋರುತ್ತೇನೆ: ತಾವು ಸ್ವಂತ ಖರ್ಚಿನಲ್ಲಿ ಹೊಸ ಪಿಸ್ಟನ್ನುಗಳನ್ನು ಬೆಳೆಸಿಕೊಳ್ಳತಕ್ಕದ್ದು, ಟರ್ಬೊ ಒಂದನ್ನು ಕನಸಿನಲ್ಲಾದರೂ ಸಂಪಾದಿಸತಕ್ಕದ್ದು, ಮತ್ತು ಗುರುವಾರದಿಂದ ಭಾನುವಾರದವರೆಗಿನ ಕಾಲವನ್ನು ಹಿಂದಕ್ಕೆ ಓಡಿಸಿಕೊಡತಕ್ಕದ್ದು. ಮುಂದಕ್ಕೆ ಓಡಲು ತಮಗಿರುವ ಅನಾಸಕ್ತಿಯನ್ನು ನೋಡಿದರೆ ಹಿಂದಕ್ಕೆ ಓಡುವುದು ಸುಲಭವಾಗಬಹುದು.

ಇಷ್ಟು ಬರೆದು ಪತ್ರವನ್ನು ಮುಗಿಸಬೇಕೆಂದಿದ್ದೆ. ಆದರೆ ಇಂದು ನಡೆದದ್ದನ್ನು ಸೇರಿಸದಿದ್ದರೆ ತಮಗೆ ಅನ್ಯಾಯವಾಗುತ್ತದೆ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ಭಾಗ್ಯ ತಮ್ಮದಾಗಿತ್ತು. ಎಂದಿನ ಏರಿನಲ್ಲಿ, ಎಂದಿನ ಜಾಗದಲ್ಲಿ, ತಾವು ಕೆಮ್ಮಿ ನಿಂತಿರಿ. ಹಿಂದೆ ನೀರಿನ ಲಾರಿಯೊಂದು ಹಾರನ್ನಿನ ಮೇಲೆಯೇ ಕೈಯಿಟ್ಟು ಕುಳಿತಿತ್ತು. ನಾನು ಕೀಲಿ ತಿರುಗಿಸಿದೆ, ತಮ್ಮನ್ನು ಬೇಡಿಕೊಂಡೆ, ಮತ್ತೆ ತಿರುಗಿಸಿದೆ. ಆಗ ಅತ್ತೆ ಎಷ್ಟೋ ದಿನಗಳಿಂದ ಒಳಗೇ ಒತ್ತಿಟ್ಟುಕೊಂಡಿದ್ದು ಒಂದೇ ಸಲಕ್ಕೆ ಹೊರಗೆ ಬಂತು: "ಏನು ಕೂತ್ಕೊಂಡು ಅದನ್ನ ಮುದ್ದು ಮಾಡ್ತಿದ್ದೀಯೋ ಮುಠ್ಠಾಳ! ಇಳಿ ಕೆಳಗೆ! ಸ್ಟೇರಿಂಗ್ ನಾನು ಹಿಡ್ಕೋತೀನಿ, ನೀನು ತಳ್ಳು!"

ಲಾರಿಯಿಂದ ಇಬ್ಬರು ಇಳಿದು ಕೈ ಕೊಟ್ಟರು. ಕಪ್ಪು ಕನ್ನಡಕದ ಅತ್ತೆ ಚಕ್ರ ಹಿಡಿದು ಮುಂದೆ, ನಾನು ತಮ್ಮ ಹಿಂಭಾಗಕ್ಕೆ ಹೆಗಲು ಕೊಟ್ಟು ಹಿಂದೆ. ಇಡೀ ಏರಿನುದ್ದಕ್ಕೂ ಅವರು ತಲೆ ಹೊರಗೆ ಹಾಕಿ 'ತಳ್ಳೋ', 'ಜೋರಾಗಿ ತಳ್ಳೋ' ಎಂದು ಬೈಯುತ್ತಿದ್ದರು. ತನ್ನ ಜೀವಮಾನದಲ್ಲಿ ಯಾವ ಇಂಜಿನ್ನೂ ಮಾಲೀಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿರಲಾರದು. ನನಗೆ ಬೆವರು ಯಾವುದು ಕಣ್ಣೀರು ಯಾವುದು ತಿಳಿಯಲಿಲ್ಲ, ಮನೆ ಬಂದದ್ದೂ ತಿಳಿಯಲಿಲ್ಲ. ಮೇಲೆ ಕೋರಿದ ಪರಿಹಾರಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡಿದ್ದೇನೆ.

ತಮ್ಮನ್ನು ಹಿಂದಿನಿಂದ ತಳ್ಳುವ ಹಕ್ಕನ್ನು ಯಾರಿಗೂ ಬಿಟ್ಟುಕೊಡದ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ಇದಕ್ಕೆ ಸುರಿಯುವ ದುಡ್ಡಿನಲ್ಲಿ ಒಳ್ಳೆ ಕಂಡೀಷನ್ ಇರುವ ಇನ್ನೊಂದು ಸಿಗುತ್ತದೆ ಎಂಬ ಡಾಕ್ಟರರ ಸಲಹೆಯನ್ನು ಪರಿಶೀಲಿಸುತ್ತಿರುವುದಾಗಿ ಅತ್ತೆ ಈಗ ಊಟದ ಹೊತ್ತಿನಲ್ಲಿ ಘೋಷಿಸಿದ್ದಾರೆ. ಅದು ತಮ್ಮ ಬಗ್ಗೆಯೋ ನನ್ನ ಬಗ್ಗೆಯೋ ಎಂದು ಎಷ್ಟು ಕೇಳಿದರೂ ಹೇಳುತ್ತಿಲ್ಲ. ನಾಳೆ ಬೆಳಿಗ್ಗೆ ಅವರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕಿದೆ. ಮೊದಲ ಕೀಲಿಗೇ ಎದ್ದೇಳುವುದು ನಮ್ಮಿಬ್ಬರ ಆರೋಗ್ಯಕ್ಕೂ ಒಳ್ಳೆಯದು.