ನಮ್ಮ ಭಾವನ ‘ನಾವು’

ನಮ್ಮ ಭಾವ ಏಕವಚನವೇ ಅಲ್ಲ, ಬಹುವಚನ! ಜಯನಗರದ ಫುಟ್‌ಪಾತಿನಲ್ಲಿ ಒಬ್ಬರೇ ನಡೆದುಹೋದರೂ ಅವರ ಮಾತಿನಲ್ಲಿ ಒಂದು ಮೆರವಣಿಗೆಯೇ ಹೊರಟಿರುತ್ತಿತ್ತು. ‘ನಾನು’ ಅಂದರೆ ಅಹಂಕಾರ ಎಂದು ಚಿಕ್ಕಂದಿನಲ್ಲಿ ಅವರ ತಾತ ಹೇಳಿಕೊಟ್ಟಿದ್ದರಂತೆ. ತಾತಂದಿರು ಏನೇನೋ ಹೇಳುತ್ತಾರೆ, ಎಲ್ಲವನ್ನೂ ಪಾಲಿಸುವವರುಂಟೇ? ಇವರು ಪಾಲಿಸಿದರು!

ಒಂದು ಮಳೆಗಾಲ ಸ್ಕೂಟರಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು.

“ಏನಾಯ್ತು ಭಾವ?”

“ನಾಲ್ಕನೇ ಬ್ಲಾಕ್ ಹತ್ರ ನಾವು ಜಾರಿ ಬಿದ್ವಿ.”

“ಅಯ್ಯೋ, ಜೊತೇಲಿ ಯಾರಿದ್ರು?”

“ಯಾರೂ ಇರ್ಲಿಲ್ಲಪ್ಪ!”

ಇಂಥವರು ಸಾಫ್ಟ್‌ವೇರ್ ಕಂಪನಿಯಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದರು. ಕಂಪನಿ ಇಲ್ಲಿನ ಶಾಖೆಯನ್ನೇ ಮುಚ್ಚಿ ಕೈತೊಳೆದುಕೊಂಡಿತು. ಐವತ್ತು ದಾಟಿದ ವೈಸ್ ಪ್ರೆಸಿಡೆಂಟರನ್ನು ಯಾರು ಕೇಳುತ್ತಾರೆ? ಊರೆಲ್ಲ ಬಾಗಿಲು ತಟ್ಟಿ ಸಾಕಾದಾಗ ಆಸ್ಟ್ರೇಲಿಯಾದ ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಗೆದ್ದರೆ ಕೆಲಸ, ಅದರ ಬೆನ್ನಿಗೇ ವೀಸಾ. ಸೋತರೆ ಮತ್ತೆ ಮನೆಯ ಸೋಫಾ.

ಜೆ.ಪಿ. ನಗರದ ವೀಸಾ ಸಲಹೆಗಾರ್ತಿ ಭಾವನ ಇಂಗ್ಲಿಷ್ ಕೇಳಿ ತಲೆ ಚಚ್ಚಿಕೊಂಡಳು.

“ಸಾರ್, ಎಲ್ಲಾದಕ್ಕೂ ‘ವಿ, ವಿ’ ಅಂತೀರ. ವೀಸಾ ನಿಮಗೊಬ್ರಿಗೆ ಬೇಕೋ, ಇಡೀ ಆಫೀಸಿಗೋ? ‘ಐ’ ಅನ್ನಿ!”

“ಎಲ್ರಿಗೂ ಕೊಟ್ರೆ ಒಳ್ಳೇದೇ ಅಲ್ವಾ ಮೇಡಂ?”

ಅಂದಿನಿಂದ ಅಕ್ಕ ಅಭ್ಯಾಸ ಶುರು ಮಾಡಿಸಿದಳು. ಬೆಳಗಿನ ವಾಕಿಂಗ್ ಮುಗಿಸಿ ನನ್ನ ಜೊತೆ ಹೋಟೆಲಿಗೆ ಹೋದಾಗ ಭಾವ ಎದೆ ಸೆಟೆಸಿ, “ನಾನು ಕಾಫಿ ಕುಡೀತೀನಿ!” ಎಂದು ಘೋಷಿಸಿದರು. ಕೌಂಟರಿನವನು ಗಾಬರಿಯಾಗಿ, “ಕುಡೀರಿ ಸಾರ್, ಯಾರು ಬೇಡ ಅಂದ್ರು?” ಅಂದ.

ಸಂದರ್ಶನದ ದಿನ ಭಾವ ಕಂಪ್ಯೂಟರಿನ ಮುಂದೆ ಕೂತರು. ನಾನೂ ಅಕ್ಕನೂ ಅಡುಗೆಮನೆ ಬಾಗಿಲಿಗೆ ಕಿವಿ ಕೊಟ್ಟು ನಿಂತೆವು.

ಹಿಂದಿನ ಕಂಪನಿಯ ತಂತ್ರಾಂಶ ಕಟ್ಟಿದ್ದು ಯಾರು? “ವಿ.” ತಂಡ ಬೆಳೆಸಿದ್ದು? “ವಿ.” ಹೋಯ್ತು, ಆಸ್ಟ್ರೇಲಿಯಾ ಕೈಬಿಟ್ಟು ಹೋಯ್ತು! ಅಕ್ಕ ಸೆರಗಿನ ತುದಿ ಕಚ್ಚಿಕೊಂಡಳು.

ಆಮೇಲೆ ಸಂದರ್ಶಕರು ಇನ್ನೊಂದು ಕೇಳಿದರು: ಶಾಖೆ ಮುಚ್ಚಿದಾಗ ಅಷ್ಟು ಜನರನ್ನು ಮನೆಗೆ ಕಳಿಸಿದ್ದು ಯಾರು? ಬೇರೆ ಯಾರಾದರೂ ಆಗಿದ್ದರೆ ಮ್ಯಾನೇಜ್‌ಮೆಂಟಿನ ತಲೆಗೆ ಕಟ್ಟುತ್ತಿದ್ದರು. ‘ವಿ’ ಅಂದು ಜಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿತ್ತು?

“ಐ,” ಅಂದರು ಭಾವ. ಮುಂದಿನದನ್ನೂ ಇಂಗ್ಲಿಷಿನಲ್ಲೇ ಹೇಳಿದರು: ಕಾಗದಗಳಿಗೆ ಸಹಿ ಹಾಕಿದವನು ನಾನು. ಅವರನ್ನು ಕೆಲಸಕ್ಕೆ ಸೇರಿಸಿಕೊಂಡವನೂ ನಾನೇ. ಉಳಿಸಿಕೊಳ್ಳುವುದಕ್ಕೆ ನನ್ನಿಂದ ಆಗಲಿಲ್ಲ.

ಸಂದರ್ಶನ ಮುಗಿಸಿ ಹೊರಗೆ ಬಂದವರ ಮುಖದಲ್ಲಿ ಪಾಠ ಒಪ್ಪಿಸಿದ ಹುಡುಗನ ಸಂಭ್ರಮ!

“ಕೊನೆಗೂ ‘ಐ’ ಅಂದ್ವಿ, ಅಲ್ವಾ?”

ಅಕ್ಕ ಕಣ್ಣೊರೆಸಿಕೊಂಡು, “ಹೂಂ ರೀ, ಚೆನ್ನಾಗೇ ಅಂದ್ರಿ,” ಅಂದಳು.

ಕೆಲಸ ಸಿಕ್ಕಿತು, ವೀಸಾ ಬಂತು, ಇಬ್ಬರೂ ಹೊರಟುಹೋದರು. ಈಗ ಭಾನುವಾರ ಬೆಳಿಗ್ಗೆ ಅದೇ ಹೋಟೆಲಿಗೆ ಒಬ್ಬನೇ ಹೋಗುತ್ತೇನೆ. ಭಾವನ ನೆನಪಾಗಿ ಸಂಕಟವಾಗುತ್ತದೆ. ‘ನಾವು’ ಎಂದು ನನ್ನನ್ನೂ ಸೇರಿಸಿಕೊಂಡು ಮಾತಾಡುವವರು ಈ ಜಯನಗರದಲ್ಲಿ ಈಗ ಯಾರೂ ಇಲ್ಲ.